ಪೆಡಲ್ ಇದ್ದರೆ ಸೈಕಲ್ಲೇ?

ಪೆಡಲ್ ಇದೆ ಅಂದ ಮೇಲೆ ಅದು ಸೈಕಲ್ಲು, ಸೈಕಲ್ಲಿಗೆ ಯಾವ ಲೈಸೆನ್ಸೂ ಬೇಡ. ಲೂನಾ ಮೊಪೆಡ್ಡಿನ ಕಾಲದಲ್ಲಿ ನಮ್ಮ ಹಾಸನ ಸೀಮೆಯ ಅರ್ಧಕ್ಕರ್ಧ ಜನ ಹೀಗೇ ನಂಬಿದ್ದರು. ಆರ್‌ಟಿಓ ಕಚೇರಿಯ ಎದುರು ಮಡಚುವ ಮೇಜು, ರೆಮಿಂಗ್ಟನ್ ಟೈಪ್‌ರೈಟರು, ಗೋಂದಿನ ಬಾಟಲಿ ಇಟ್ಟುಕೊಂಡು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಜನ ನಮ್ಮನ್ನು ಬ್ರೋಕರ್ ಅನ್ನುತ್ತಿದ್ದರು, ನಾವು ನಮ್ಮನ್ನು ಏಜೆಂಟ್ ಅಂದುಕೊಳ್ಳುತ್ತಿದ್ದೆವು. ಆ ಮೇಜಿನ ಮುಂದೆ ನಿಂತು ನನ್ನೊಡನೆ ಜಗಳಕ್ಕೆ ಬಂದವರಲ್ಲಿ ಲಾರಿಯವರು ಕಡಿಮೆ, ಮೊಪೆಡ್‌ನವರೇ ಹೆಚ್ಚು. ಲಾರಿಯವನಿಗೆ ಕಾನೂನು ಇದೆಯೆಂಬುದಾದರೂ ಗೊತ್ತಿತ್ತು.

ಹಾಗೆ ನಂಬಿದ್ದವರನ್ನು ಪೂರಾ ಬೈಯುವ ಹಾಗೂ ಇಲ್ಲ. ಮೋಟಾರ್ ಬರುವ ಮೊದಲು ಸೈಕಲ್ಲಿಗೂ ಒಂದು ಕಾನೂನಿತ್ತು, ಆದರೆ ಅದು ಪುರಸಭೆಯ ಕಾನೂನು. ನಮ್ಮಪ್ಪ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಪುರಸಭೆಗೆ ಸೈಕಲ್ ತೆರಿಗೆ ಕಟ್ಟಬೇಕು, ಕಟ್ಟಿದ್ದಕ್ಕೆ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು, ಅದನ್ನು ಹ್ಯಾಂಡಲ್ ಹತ್ತಿರ ಕಾಣುವಂತೆ ಬಿಗಿಯಬೇಕು. ಕತ್ತಲಾದ ಮೇಲೆ ಸೀಮೆಎಣ್ಣೆ ದೀಪವೋ ಡೈನಮೋವೋ ಇರಬೇಕು. ಡಬಲ್ಸ್ ಹೊಡೆದರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ದಂಡಕ್ಕಿಂತ ಆ ಶಿಕ್ಷೆಗೇ ಹುಡುಗರು ಹೆದರುತ್ತಿದ್ದದ್ದು. 1964ರ ಪುರಸಭೆಗಳ ಕಾಯಿದೆಯಲ್ಲೂ ಮೋಟಾರು ವಾಹನವಲ್ಲದ ಗಾಡಿಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಪುರಸಭೆಗಿತ್ತು. ಮೋಟಾರಲ್ಲದ್ದು ಪುರಸಭೆಗೆ, ಮೋಟಾರಿನದ್ದು ಆರ್‌ಟಿಓಗೆ, ಎರಡು ಕಚೇರಿಯ ನಡುವೆ ಗಡಿ ಸ್ಪಷ್ಟ. ಪೆಡಲೂ ಮೋಟಾರೂ ಎರಡೂ ಇರುವ ಗಾಡಿಯೊಂದು ಆ ಗಡಿಯ ಮೇಲೇ ಬಂದು ನಿಂತಾಗ ಜನರಿಗೆ ಗೊಂದಲವಾದದ್ದು ಸಹಜ.

ಕಾನೂನಿಗೆ ಮಾತ್ರ ಗೊಂದಲವಿರಲಿಲ್ಲ. ಬ್ರಿಟಿಷ್ ಇಂಡಿಯಾದ 1914ರ ಮೋಟಾರು ವಾಹನ ಕಾಯಿದೆಯೇ, ವಿದ್ಯುತ್ತಿನಿಂದಲೋ ಯಂತ್ರಬಲದಿಂದಲೋ ಪೂರ್ತಿಯಾಗಿ ಅಥವಾ ಭಾಗಶಃ ಓಡುವ ಗಾಡಿಯೆಲ್ಲ ಮೋಟಾರು ವಾಹನ ಅಂದುಬಿಟ್ಟಿತ್ತು. ‘ಭಾಗಶಃ’ ಎಂದು ಸೇರಿಸಿದ ಗುಮಾಸ್ತ ಯಾರೋ, ಬಲು ಹುಷಾರಿ. ಕಾಲು ಸೋತಾಗ ಇಂಜಿನ್, ಇಂಜಿನ್ ಸೋತಾಗ ಕಾಲು ಎನ್ನುವ ಗಾಡಿಯೂ ಆ ಬಲೆಯಲ್ಲಿ ಬೀಳಬೇಕು. ಆ ಕಾಯಿದೆ ನಮ್ಮ ಮೈಸೂರು ಸಂಸ್ಥಾನಕ್ಕೆ ನೇರವಾಗಿ ಅನ್ವಯವಾಗುತ್ತಿರಲಿಲ್ಲ, ಆ ಮಾತು ಬೇರೆ. ಮುಂದೆ 1939ರ ಕಾಯಿದೆ ಬಂತು. ರಸ್ತೆಯ ಬಳಕೆಗೆ ಅಳವಡಿಸಿದ, ಯಂತ್ರಬಲದಿಂದ ಚಲಿಸುವ ಯಾವುದೇ ಗಾಡಿ ಮೋಟಾರು ವಾಹನ. ಶಕ್ತಿ ಒಳಗಿಂದ ಬರಲಿ, ಹೊರಗಿಂದ ಬರಲಿ. ಪೆಡಲ್ ಇದ್ದರೆ ವಿನಾಯಿತಿ ಅಂತ ಎಲ್ಲೂ ಇಲ್ಲ. ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು, ಲೈಸೆನ್ಸ್ ಬೇಕು, ನೋಂದಣಿ ಬೇಕು. ಅದೇ ಕಾಯಿದೆಯ ಎಂಟನೆಯ ಅಧ್ಯಾಯ 1946ರ ಜುಲೈನಲ್ಲಿ ಜಾರಿಗೆ ಬಂದಾಗ ಮೂರನೆಯವರಿಗಾಗುವ ಹಾನಿಗೆ ವಿಮೆಯೂ ಕಡ್ಡಾಯವಾಯಿತು.

ಹಾಗಾದರೆ ನಮ್ಮ ರಸ್ತೆಗೆ ಬಂದ ಮೊಪೆಡ್‌ಗಳಿಗೆ ಪೆಡಲ್ ಯಾಕಿತ್ತು? ನನಗೆ ಇದು ತಿಳಿಯಲು ಬಹಳ ಕಾಲ ಹಿಡಿಯಿತು. ಆ ಪೆಡಲ್ ನಮ್ಮ ಕಾನೂನಿಗಾಗಿ ಹಾಕಿದ್ದೇ ಅಲ್ಲ, ಯುರೋಪಿನ ಕಾನೂನಿಗಾಗಿ ಹಾಕಿದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಕಾರು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ, ಕೆಲಸಕ್ಕೆ ಹೋಗಲು ಏನಾದರೂ ಬೇಕಿತ್ತು. ಫ್ರಾನ್ಸಿನಲ್ಲಿ ಮುಂಚಕ್ರದ ಮೇಲೆ ಪುಟ್ಟ ಇಂಜಿನ್ ಕೂರಿಸಿದ ವೆಲೋಸೋಲೆಕ್ಸ್ 1946ರಲ್ಲಿ ಮಾರಾಟಕ್ಕೆ ಬಂತು. ಸರ್ಕಾರಗಳು ಇಂಥ ಗಾಡಿಗೆ ಒಂದು ಸಡಿಲ ದಾರಿ ಮಾಡಿಕೊಟ್ಟವು. ಸ್ವೀಡನ್ 1952ರಲ್ಲಿ, ಗಂಟೆಗೆ 30 ಕಿಲೋಮೀಟರ್ ಮೀರದ ಪೆಡಲ್ ಗಾಡಿಯನ್ನು ಹದಿನೈದು ತುಂಬಿದವರು ಲೈಸೆನ್ಸ್ ಇಲ್ಲದೆ ಓಡಿಸಬಹುದು ಎಂದಿತು. ಇಟಲಿಯ 1959ರ ರಸ್ತೆ ಸಂಹಿತೆಯ ಪ್ರಕಾರ 50 ಸಿಸಿ, 40 ಕಿಲೋಮೀಟರ್ ವೇಗದೊಳಗಿನದಾದರೆ ಹದಿನಾಲ್ಕರ ಹುಡುಗನಿಗೂ ಲೈಸೆನ್ಸ್ ಬೇಕಿಲ್ಲ. ಜರ್ಮನಿ 1965ರಲ್ಲಿ 25 ಕಿಲೋಮೀಟರ್ ವೇಗದ ‘ಮೋಫಾ’ ಎಂಬ ಇನ್ನೊಂದು ವರ್ಗವನ್ನೇ ಹುಟ್ಟುಹಾಕಿತು. ಅಲ್ಲಿನ ಕಾರ್ಖಾನೆಗಳು ಈ ಅಳತೆಗೆ ಹೊಲಿದ ಅಂಗಿಯಂತೆ ಗಾಡಿ ಮಾಡಿದವು: ಇಂಜಿನ್ ಐವತ್ತರ ಒಳಗೆ, ಗೇರಿಲ್ಲ, ಪೆಡಲ್ ಇದೆ.

ಅಂಗಿ ಹೊಲಿದದ್ದು ಅವರ ಮೈಗೆ, ತೊಟ್ಟಿದ್ದು ನಾವು. ಫ್ರಾನ್ಸಿನ ಮೋಟೋಬೆಕಾನ್ ಕಂಪನಿಯ ಸಹಯೋಗದಲ್ಲಿ ತಿರುಪತಿಯ ಮೊಪೆಡ್ಸ್ ಇಂಡಿಯಾ 1960ರ ದಶಕದಲ್ಲಿ ಸುವೇಗಾ ಮಾಡಿತು. ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ 1972ರಲ್ಲಿ ಲೂನಾ ತಂದಿತು, ಅದರ ಮೂಲ ಇಟಲಿಯ ಪಿಯಾಜಿಯೋ ಚಾವೋ. ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಹೊರಬಂತು, ಇಬ್ಬರು ಕೂರಬಹುದಾದ ಮೊಪೆಡ್ ಎಂಬ ಹೆಗ್ಗಳಿಕೆಯೊಂದಿಗೆ. ಎಲ್ಲಕ್ಕೂ ಪೆಡಲ್. ಪ್ಯಾರಿಸ್ಸಿನ ಹುಡುಗನನ್ನು ಲೈಸೆನ್ಸಿನಿಂದ ಪಾರುಮಾಡಿದ ಪೆಡಲ್, ಬೇಲೂರಿನ ಮೇಷ್ಟ್ರಿಗೆ ಕಾನೂನಿನ ಕಣ್ಣಲ್ಲಿ ನಯಾಪೈಸೆಯ ಪ್ರಯೋಜನ ಮಾಡಲಿಲ್ಲ.

ಬೇರೆ ಪ್ರಯೋಜನ ಇತ್ತು ಅನ್ನಿ. ಸ್ಟ್ಯಾಂಡ್ ಹಾಕಿ ತುಳಿದು ಸ್ಟಾರ್ಟ್ ಮಾಡಲು, ಏರು ಬಂದಾಗ ಇಂಜಿನ್ನಿಗೆ ಕೈಜೋಡಿಸಲು, ಅಂದರೆ ಕಾಲು ಜೋಡಿಸಲು. ಪೆಟ್ರೋಲ್ ಮುಗಿದರೆ ತುಳಿದುಕೊಂಡು ಮನೆ ಸೇರಬಹುದು ಎಂದು ಮಾರುವವರು ಹೇಳುತ್ತಿದ್ದರು. ಸಕಲೇಶಪುರದ ಏರಿನಲ್ಲಿ ಇಂಜಿನ್ ಕೆಟ್ಟ ಮೊಪೆಡ್ ತುಳಿದವರಿಗೆ ಆ ಮಾತಿನ ಬೆಲೆ ಗೊತ್ತು. ಎಸ್ಟೇಟಿನ ರೈಟರೊಬ್ಬರು ನನ್ನ ಮುಂದೆ ಬಂದು ವಾದ ಹೂಡಿದ್ದರು: ಪೊಲೀಸ್ ಹಿಡಿದಾಗ ಇಂಜಿನ್ ಆಫ್ ಇತ್ತು, ನಾನು ತುಳಿಯುತ್ತಿದ್ದೆ, ತುಳಿಯುವಾಗ ಅದು ಸೈಕಲ್ ತಾನೆ? ವಾದ ಚೆಂದವಿತ್ತು, ನಾನೂ ಖುಷಿಪಟ್ಟೆ. ಆದರೆ ಕಾಯಿದೆ ಕೇಳುವುದು ಆ ಕ್ಷಣ ಇಂಜಿನ್ ಓಡುತ್ತಿತ್ತೇ ಎಂದಲ್ಲ, ಗಾಡಿ ಯಾವ ಬಳಕೆಗೆ ತಯಾರಾದದ್ದು ಎಂದು. ಅವರು ಗೊಣಗುತ್ತಲೇ ಕಲಿಯುವವರ ಲೈಸೆನ್ಸಿಗೆ, ಅಂದರೆ ಎಲ್‌ಎಲ್‌ಆರ್‌ಗೆ ಸಹಿ ಹಾಕಿದರು.

ಆ ಕಾಲದ ಇನ್ನೊಂದು ಸಂಕಟ, 1939ರ ಕಾಯಿದೆಯಲ್ಲಿ ಗೇರಿಲ್ಲದ ಗಾಡಿಗೆ ಬೇರೆ ಲೈಸೆನ್ಸ್ ಇರಲಿಲ್ಲ. ಬುಲೆಟ್ಟಿಗೂ ಮೋಟಾರ್ ಸೈಕಲ್ಲೇ, ಲೂನಾಗೂ ಮೋಟಾರ್ ಸೈಕಲ್ಲೇ. ನಂಬರಿನಲ್ಲೂ ಭೇದವಿಲ್ಲ. ‘ಎಂವೈ’ಯಿಂದ ಶುರುವಾಗುವ ಕಪ್ಪು ಬೋರ್ಡಿನ ಮೇಲೆ ಬಿಳಿ ಅಕ್ಷರ, ಆಮೇಲೆ ‘ಸಿ’ಯಿಂದ ಶುರುವಾಗುವ ಅಕ್ಷರಗಳು. ಲೂನಾದ ಹಿಂದಿನ ಮಡ್‌ಗಾರ್ಡು ಅಂಗೈ ಅಗಲ. ಅದರ ಮೇಲೆ ಅಷ್ಟೂ ಅಕ್ಷರ ಕೂರಿಸುವುದೇ ಪೇಂಟರಿಗೆ ಸವಾಲು.

ನನ್ನ ಕಸುಬಿನ ಸುಗ್ಗಿ ಶುರುವಾದದ್ದು 1989ರ ಜುಲೈ 1ರಿಂದ. 1988ರ ಹೊಸ ಮೋಟಾರು ವಾಹನ ಕಾಯಿದೆ ಅಂದು ಜಾರಿಗೆ ಬಂತು. ನಂಬರು ‘ಕೆಎ’ ಆಯಿತು, ನಮ್ಮ ಜಿಲ್ಲೆಗೆ 13 ಸಿಕ್ಕಿತು, ಫಾರಂಗಳ ನಂಬರೆಲ್ಲ ಬದಲಾದವು. ಎಲ್‌ಎಲ್‌ಆರ್‌ಗೆ ಫಾರಂ 2, ಲೈಸೆನ್ಸಿಗೆ ಫಾರಂ 4, ನೋಂದಣಿಗೆ 20, ಅದರ ಜೊತೆ ಮಾರಿದವನ 21, ಗಾಡಿ ಸರಿಯಿದೆಯೆಂಬ 22. ಕೈ ಬದಲಾದರೆ 29 ಮತ್ತು 30. ಈಗಲೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ಆದರೆ ಮೊಪೆಡ್ ಜನರಿಗೆ ಮುಖ್ಯವಾದದ್ದು ಬೇರೆ ಮೂರು ಮಾತು. ಲೈಸೆನ್ಸಿನಲ್ಲಿ ಗೇರಿಲ್ಲದ ಮೋಟಾರ್ ಸೈಕಲ್ ಎಂಬ ಪ್ರತ್ಯೇಕ ವರ್ಗ ಬಂತು. ಕಾರ್ಡಿನ ಮೇಲೆ ಅದು ‘ಎಂಸಿಡಬ್ಲ್ಯುಓಜಿ’ ಎಂದು ಅಚ್ಚಾಗುತ್ತದೆ, ನಮ್ಮ ಬಾಯಲ್ಲಿ ಅದು ‘ವಿತೌಟ್’. ಎರಡನೆಯದು, ಗೇರಿಲ್ಲದ ಗಾಡಿಯನ್ನು ಹದಿನಾರು ತುಂಬಿದವರೂ ಓಡಿಸಬಹುದು, ಮನೆಯ ಹಿರಿಯರ ಲಿಖಿತ ಒಪ್ಪಿಗೆ ಇದ್ದರೆ. ಮೂರನೆಯದು ಬಲು ವಿಚಿತ್ರ. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಇಂಜಿನ್ 35 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಪೆಡಲಿನ ಹೆಸರೆತ್ತದೆ, ಸಿಸಿಯ ಲೆಕ್ಕದಲ್ಲೇ ಕಾನೂನು ಮೊದಲ ಬಾರಿ ಒಂದು ಕಿಂಡಿ ಬಿಟ್ಟಿತ್ತು.

‘ವಿತೌಟ್’ ಬಂದ ಮೇಲೆ ನನ್ನ ಮೇಜಿನ ಮುಂದಿನ ಸಾಲೇ ಬದಲಾಯಿತು. ಹೆಂಗಸರು ಬರತೊಡಗಿದರು. ಅರಕಲಗೂಡಿನ ಕಡೆಯ ನರ್ಸ್‌ಗಳು, ಶಾಲಾ ಮೇಡಂಗಳು, ಎಲ್‌ಐಸಿ ಏಜೆಂಟರು. ಅದಕ್ಕೂ ಮುಂಚೆ ಅವರು ಗಾಡಿ ಓಡಿಸುತ್ತಿರಲಿಲ್ಲವೆಂದಲ್ಲ. ಗೇರ್ ಗಾಡಿಯಲ್ಲಿ ಟೆಸ್ಟ್ ಕೊಡಬೇಕಲ್ಲ ಎಂದು ಗಂಡನ ಲೈಸೆನ್ಸ್ ನೆರಳಲ್ಲೇ ಓಡಿಸುತ್ತಿದ್ದವರು. ಈಗ ತಮ್ಮದೇ ಲೂನಾದಲ್ಲಿ ಎಂಟು ಹೊಡೆದು ತೋರಿಸಿದರೆ ಸಾಕಿತ್ತು. ಒಬ್ಬ ಹೆರಿಗೆ ನರ್ಸಮ್ಮ ಟೆಸ್ಟಿನ ದಿನ ಸೀರೆ ಚೈನಿಗೆ ಸಿಕ್ಕದಂತೆ ಕಚ್ಚೆ ಹಾಕಿಕೊಂಡೇ ಬಂದಿದ್ದರು. ಇನ್‌ಸ್ಪೆಕ್ಟರ್ ನಕ್ಕರು, ಆಕೆ ನಗಲಿಲ್ಲ. ಕಾಲು ನೆಲಕ್ಕಿಡದೆ ಎಂಟು ಮುಗಿಸಿ, ರಾತ್ರಿ ಡ್ಯೂಟಿ ಇದೆ ಬೇಗ ಸಹಿ ಹಾಕಿ ಎಂದರು. ಹುಡುಗಿಯರ ಅಪ್ಪಂದಿರ ಒಪ್ಪಿಗೆ ಪತ್ರವಂತೂ ನಾನೇ ಟೈಪ್ ಮಾಡಿಟ್ಟುಕೊಂಡಿದ್ದೆ, ಹೆಸರು ತುಂಬಿದರೆ ಆಯಿತು. ಮಗಳಿಗೆ ಗಾಡಿ ಕೊಡಿಸುವುದೋ ಬೇಡವೋ ಎಂದು ಅಪ್ಪ ಅಮ್ಮ ನನ್ನ ಮೇಜಿನ ಎದುರೇ ಚರ್ಚೆ ಮಾಡುವರು. ಕಾನೂನಿನ ಒಂದು ಸಣ್ಣ ಉಪಕಲಂ ಎಷ್ಟು ಮನೆಗಳೊಳಗೆ ಹೊಕ್ಕಿತು ಎಂಬುದು ವಿಧಾನಸೌಧದಲ್ಲಿ ಕೂತವರಿಗಿಂತ ನನಗೆ ಚೆನ್ನಾಗಿ ಗೊತ್ತು.

ಇದರಲ್ಲಿ ಒಂದು ತೂತಿತ್ತು. ಗೇರಿಲ್ಲ ಅಂದರೆ ಸಣ್ಣ ಗಾಡಿ ಎಂದು ಕಾಯಿದೆ ಬರೆದವರು ಎಣಿಸಿದ್ದರು. ಆದರೆ ಅಷ್ಟರಲ್ಲಾಗಲೇ ಕೈನೆಟಿಕ್ ಹೋಂಡಾ ರಸ್ತೆಯಲ್ಲಿತ್ತು: ಗೇರಿಲ್ಲ, ಇಂಜಿನ್ 98 ಸಿಸಿ. ಹದಿನಾರರ ಹುಡುಗ ಅದನ್ನು ಹೊಡೆದರೂ ಅಕ್ಷರಶಃ ಕಾನೂನೇ. 1994ರ ತಿದ್ದುಪಡಿಯಲ್ಲಿ ‘ಗೇರಿಲ್ಲದ’ ಎಂಬುದನ್ನು ತೆಗೆದು ‘50 ಸಿಸಿ ಮೀರದ’ ಎಂದು ಹಾಕಿದರು. ಜಾರಿಯಾದ ದಿನ ನವೆಂಬರ್ 14. ಮಕ್ಕಳ ದಿನಾಚರಣೆಯಂದೇ ಮಕ್ಕಳ ಗಾಡಿ ಕಿತ್ತುಕೊಂಡರಲ್ಲ ಎಂದು ನಾವು ಏಜೆಂಟರು ಟೀ ಅಂಗಡಿಯಲ್ಲಿ ಆಡಿಕೊಂಡೆವು. ಕಾಲೇಜು ಹುಡುಗರಿಗೆಂದೇ ಬಂದಿದ್ದ ಬಜಾಜ್ ಸನ್ನಿಗೆ 60 ಸಿಸಿ ಇಂಜಿನ್. ಹತ್ತು ಸಿಸಿಯ ಅಂತರದಲ್ಲಿ ಅದು ಹದಿನಾರರವರ ಕೈತಪ್ಪಿತು. ನಿನ್ನೆಯವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಅಪ್ಪಂದಿರು ಇವತ್ತು ಅದೇ ಗಾಡಿಗೆ ಯಾಕೆ ಆಗುವುದಿಲ್ಲ ಎಂದು ನನ್ನನ್ನೇ ಕೇಳಿದರು, ನಾನೇ ಪಾರ್ಲಿಮೆಂಟು ಎನ್ನುವ ಹಾಗೆ.

2000ರಲ್ಲಿ ಆ ಇನ್ನೊಂದು ಕಿಂಡಿಯನ್ನೂ ಕಿರಿದು ಮಾಡಿದರು. 35 ಇದ್ದದ್ದು 25 ಆಯಿತು. ಈ ಇಪ್ಪತ್ತೈದು ಇಂದಿಗೂ ಜಾರಿಯಲ್ಲಿದೆ, ಯಾರಿಗೂ ನೆನಪಿಲ್ಲ ಅಷ್ಟೆ. ಮೊನ್ನೆ ಮೊನ್ನೆ ಹೊಳೆನರಸೀಪುರದ ಕಡೆಯ ಹುಡುಗನೊಬ್ಬ ಫೋನಿನಲ್ಲಿ ವಿಡಿಯೋ ತೋರಿಸಿದ. ತೋಟದ ಕಳೆ ಕತ್ತರಿಸುವ ಯಂತ್ರದ ಇಂಜಿನ್ ಬಿಚ್ಚಿ ಹಳೇ ಅಟ್ಲಾಸ್ ಸೈಕಲ್ಲಿಗೆ ಕೂರಿಸಿದ್ದಾನೆ, ಕ್ಲಚ್ ತಂತಿ, ಸೈಲೆನ್ಸರ್ ಎಲ್ಲ ತಾನೇ ಮಾಡಿದ್ದು. ಕೆಲಸ ಅಚ್ಚುಕಟ್ಟು. ರಸ್ತೆಗಿಳಿಸಲು ಯಾವ ಫಾರಂ ತುಂಬಬೇಕು ಎಂದು ಕೇಳಿದ. ಇಂಜಿನ್ ಎಷ್ಟು ಸಿಸಿ ಅಂದೆ. 43 ಅಂದ. ಅಲ್ಲಿಗೆ ಮುಗಿಯಿತು. 25 ಮೀರಿದ್ದರಿಂದ ಅದು ಮೋಟಾರು ವಾಹನ. ಮೋಟಾರು ವಾಹನವಾದರೆ ನೋಂದಣಿ ಬೇಕು. ನೋಂದಣಿಗೆ ಮೊದಲು ಆ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿ ಒಪ್ಪಿರಬೇಕು. ಕಂಪನಿ ಮಾಡಿದ ಗಾಡಿಗೆ ಆ ದಾರಿ, ಕೊಟ್ಟಿಗೆಯಲ್ಲಿ ಮಾಡಿದ್ದಕ್ಕೆ ದಾರಿಯೇ ಇಲ್ಲ. ಫಾರಂ 20ರಲ್ಲಿ ತಯಾರಕರ ಹೆಸರು ಬರೆಯುವ ಜಾಗದಲ್ಲಿ ತನ್ನ ಹೆಸರು ಬರೆಯಬಹುದೇ ಅಂತಲೂ ಕೇಳಿದ ಪುಣ್ಯಾತ್ಮ. ತೋಟದೊಳಗೆ ಓಡಿಸಿಕೋ, ಗೇಟಿನಾಚೆ ಬೇಡ ಎಂದು ಕಳಿಸಿದೆ. ಅಂಥ ಕೈಚಳಕದ ಹುಡುಗನಿಗೆ ನಮ್ಮ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲಾದರೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇಷ್ಟರೊಳಗೆ ಪೆಡಲ್ ಇರುವ ಮೊಪೆಡ್ಡೇ ಮಾಯವಾಗಿತ್ತು. ಹೊಗೆಯ ನಿಯಮ ಬಿಗಿಯಾದಂತೆ ಐವತ್ತು ಸಿಸಿಯ ಎಣ್ಣೆ ಬೆರೆಸುವ ಇಂಜಿನ್‌ಗಳು ಒಂದೊಂದಾಗಿ ನಿಂತವು, ಲೂನಾವೂ ನಿಂತಿತು. ಉಳಿದದ್ದು ಟಿವಿಎಸ್ ಎಕ್ಸ್‌ಎಲ್. ಪೆಡಲ್ ಕಳಚಿ ಕಿಕ್ಕರ್ ಬಂತು, 70 ಸಿಸಿಯಾಯಿತು, 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100 ಆಯಿತು. ಎಪಿಎಂಸಿಗೆ ಆಲೂಗಡ್ಡೆ ಮೂಟೆ, ಡೇರಿಗೆ ಹಾಲಿನ ಕ್ಯಾನು, ಸಂತೆಗೆ ಕೋಳಿ ಪಂಜರ, ಎಲ್ಲಕ್ಕೂ ಅದೇ. ಲೈಸೆನ್ಸಿಗೆ ಹದಿನೆಂಟು, ನೋಂದಣಿ, ವಿಮೆ, ಹೊಗೆ ತಪಾಸಣೆ, ಹದಿನೈದು ವರ್ಷಕ್ಕೆ ಫಾರಂ 25 ಹಾಕಿ ನವೀಕರಣ. ಪಲ್ಸರಿಗೆ ಇರುವುದೆಲ್ಲ ಇದಕ್ಕೂ ಇದೆ. ಹಳ್ಳಿಯಲ್ಲಿ ಒಪ್ಪಲು ಕಷ್ಟವಾದದ್ದು ಹೆಲ್ಮೆಟ್ ಒಂದೇ. 2016ರ ಜನವರಿಯಲ್ಲಿ ಕರ್ನಾಟಕ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ, ನಮ್ಮದೇನು ಬೈಕಾ ಅಂತ ಎಕ್ಸ್‌ಎಲ್‌ನವರು ಕೇಳಿದರು. 2019ರ ತಿದ್ದುಪಡಿಯಲ್ಲಿ ದಂಡ ಸಾವಿರಕ್ಕೇರಿ, ನಮ್ಮ ಸರ್ಕಾರ ಅದನ್ನು ಐನೂರಕ್ಕಿಳಿಸಿದ ಮೇಲೆ ಆ ಪ್ರಶ್ನೆಯ ದನಿ ಸ್ವಲ್ಪ ತಗ್ಗಿತು.

ಗಾಡಿಯಿಂದ ಹೋದ ಪೆಡಲ್ ಕಾನೂನಿನೊಳಗೆ ಬಂದದ್ದು ಆಮೇಲೆ, ಅದೂ ಬ್ಯಾಟರಿಯ ಬೆನ್ನೇರಿ. 2005ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬ್ಯಾಟರಿ ವಾಹನದ ವ್ಯಾಖ್ಯೆ ಸೇರಿತು. ಎರಡು ಚಕ್ರದ ಬ್ಯಾಟರಿ ಗಾಡಿಯ ಮೋಟಾರಿನ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಅದು ಮೋಟಾರು ವಾಹನವಲ್ಲ. ತುಳಿತಕ್ಕೆ ನೆರವಾಗುವ ಮೋಟಾರ್ ಸೈಕಲ್ಲಿನಲ್ಲಿದ್ದರೆ, ವೇಗ 25 ಮುಟ್ಟಿದಾಗಲೋ ಸವಾರ ತುಳಿಯುವುದನ್ನು ನಿಲ್ಲಿಸಿದಾಗಲೋ ಅದರ ಶಕ್ತಿ ತಾನೇ ಕಡಿತವಾಗಬೇಕು. ಇದನ್ನು ಮೊದಲ ಸಲ ಓದಿದಾಗ ಆ ಎಸ್ಟೇಟ್ ರೈಟರು ನೆನಪಾದರು. ಕಾಲು ತುಳಿಯುತ್ತಿದೆಯೋ ಇಲ್ಲವೋ ಎಂದು ಕೊನೆಗೂ ಕಾನೂನು ಕೇಳಿತ್ತು. ಅವರು ಮಾತ್ರ ಇಪ್ಪತ್ತು ಮೂವತ್ತು ವರ್ಷ ಮುಂಚೆ ಹುಟ್ಟಿಬಿಟ್ಟಿದ್ದರು.

ಬೆಂಗಳೂರಿನಲ್ಲಿ ಯುಲು ಕಂಪನಿಯ ಪುಟ್ಟ ಬ್ಯಾಟರಿ ಗಾಡಿಗಳು ಫುಟ್‌ಪಾತಿನ ಪಕ್ಕ ಸಾಲಾಗಿ ನಿಂತಿರುವುದು ಈ ವಿನಾಯಿತಿಯ ಬಲದ ಮೇಲೆಯೇ. ಊಟ ತಲುಪಿಸುವ ಹುಡುಗರು, ಲೈಸೆನ್ಸ್ ಇಲ್ಲದವರು, ಗಾಡಿ ಕೊಳ್ಳಲಾಗದವರು ಅದನ್ನು ಬಾಡಿಗೆಗೆ ತೆಗೆದುಕೊಂಡು ದುಡಿಯುತ್ತಾರೆ. ಇನ್ನೊಂದು ಮುಖವೂ ಇದೆ. ಇಪ್ಪತ್ತೈದಕ್ಕೆ ಕಟ್ಟಿಹಾಕಿದ ವೇಗದ ಬೀಗವನ್ನು ಬಿಚ್ಚಿಕೊಡುವ ಕೈಗಳು ಎಲ್ಲ ಊರಲ್ಲೂ ಇವೆ. ಬೀಗ ಬಿಚ್ಚಿದ ಕ್ಷಣ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಪಘಾತವಾಗುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ, ಆದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಪರಿಹಾರ ಕೊಡಲು ವಿಮಾ ಕಂಪನಿಯೇ ಇಲ್ಲದ ಕೇಸು ಎಂಥದ್ದೆಂದು ಕೋರ್ಟು ಅಲೆದವರನ್ನು ಕೇಳಬೇಕು. ಲೂನಾ ಹೆಸರೂ 2024ರಲ್ಲಿ ಬ್ಯಾಟರಿಯೊಂದಿಗೆ ಮರಳಿ ಬಂದಿದೆ, ಇ-ಲೂನಾ ಅಂತ. ಅದರ ವೇಗ 50 ಕಿಲೋಮೀಟರ್, ಹಾಗಾಗಿ ಹಸಿರು ನಂಬರ್ ಪ್ಲೇಟೂ ಲೈಸೆನ್ಸೂ ಬೇಕೇ ಬೇಕು.

ಈಗ ನನ್ನ ಮೇಜು ಇಲ್ಲ, ಎಲ್ಲ ‘ಸಾರಥಿ’ ಜಾಲತಾಣದಲ್ಲಿ. ಆದರೂ ಹಳೇ ಪರಿಚಯದವರು ಮನೆಗೆ ಬಂದು ಕೇಳುತ್ತಾರೆ. ಹೋದ ತಿಂಗಳು ಒಬ್ಬರು ಬಂದಿದ್ದರು, ಮಗನಿಗೆ ಹದಿನಾರು, ಟ್ಯೂಷನ್ನಿಗೆ ಹೋಗಲು ಗಾಡಿ ಬೇಕಂತೆ. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತೆ ಅಲ್ವಾ ಅಂದರು. ಸಿಗುತ್ತೆ, 50 ಸಿಸಿ ಮೀರದ್ದಕ್ಕೆ, ಅದಕ್ಕೊಂದು ವರ್ಗವೇ ಇದೆ ಅಂದೆ. ಯಾವ ಗಾಡಿ ಕೊಳ್ಳಲಿ ಅಂದರು. ಪೆಟ್ರೋಲಿನ ಐವತ್ತು ಸಿಸಿ ಯಾವ ಶೋರೂಮಿನಲ್ಲೂ ಇಲ್ಲ ಅಂದೆ. ಹಾಗಾದರೆ ನನ್ನ ಆಕ್ಟಿವಾ ಕೊಡಲೇ ಅಂದರು. ಕೊಟ್ಟು ಸಿಕ್ಕಿಬಿದ್ದರೆ 2019ರ 199ಎ ಕಲಂ ಪ್ರಕಾರ ನಿಮಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ ಅಂದೆ. ಅವರು ಸುಮ್ಮನೆ ಕೂತು ಯೋಚಿಸಿದರು. ಇಪ್ಪತ್ತೈದು ಕಿಲೋಮೀಟರ್ ವೇಗದ ಒಳಗಿನ, ವಿನಾಯಿತಿಯ ಬ್ಯಾಟರಿ ಗಾಡಿಯಾದರೆ ಲೈಸೆನ್ಸೂ ಬೇಡ, ವಯಸ್ಸಿನ ಮಿತಿಯೂ ಇಲ್ಲ ಎಂದು ನಾನೇ ಹೇಳಿದೆ. “ಅಂದರೆ ಅವನ ತಮ್ಮನೂ ಓಡಿಸಬಹುದಾ? ಅವನಿಗೆ ಹನ್ನೊಂದು” ಎಂದರು. ಮೋಟಾರು ವಾಹನ ಕಾಯಿದೆಯ ಮಟ್ಟಿಗೆ ತಡೆಯಿಲ್ಲ ಅಂದೆ. ಒಳಗಿಂದ ನನ್ನ ಹೆಂಡತಿ, ಇಬ್ಬರಿಗೂ ಒಂದೊಂದು ಸೈಕಲ್ ಕೊಡಿಸೋಕೆ ಹೇಳ್ರೀ ಅಂದಳು.